ಬರೆಯಲೊಲ್ಲದ ಸಿಡಿ ಡ್ರೈವು

ಕಿಬ್ಬನಹಳ್ಳಿಯ ಹಿರಿಯರೊಬ್ಬರು ತಮ್ಮ ತಾಯಿಯವರು ಹಾಡಿದ ಸೋಬಾನೆ ಪದಗಳನ್ನು ಬಹಳ ಹಿಂದೆಯೇ ಕ್ಯಾಸೆಟ್ಟಿನಿಂದ ಸಿಡಿಗೆ ಇಳಿಸಿಟ್ಟಿದ್ದರು. ಈಗ ಆ ಕ್ಯಾಸೆಟ್ಟೂ ಇಲ್ಲ, ಹಾಡಿದವರೂ ಇಲ್ಲ. ಉಳಿದಿರುವುದು ಆ ಒಂದೇ ಸಿಡಿ. ಅದರ ಪ್ರತಿಗಳನ್ನು ಮಾಡಿ ಮೂವರು ಹೆಣ್ಣುಮಕ್ಕಳಿಗೂ ಕೊಡಬೇಕೆಂಬುದು ಅವರ ಆಸೆ. ಮನೆಯಲ್ಲಿ ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರಿದೆ. ಆದರೆ ಬರೆಯಹೊರಟರೆ 'ಬರ್ನರ್ ಇಲ್ಲ' ಎಂಬ ಉತ್ತರ ಬರುತ್ತದಂತೆ. ಹೊಸ ಡ್ರೈವನ್ನು ಕೊಳ್ಳಬೇಕೇ ಎಂದು ಕೇಳಿದ್ದಾರೆ.

ಕೊಳ್ಳುವ ಅವಸರ ಬೇಡ. ಮೊದಲು ಆ ಡ್ರೈವು ಬರೆಯಬಲ್ಲದೋ, ಬರಿಯ ಓದುವಂಥದೋ ಎಂಬುದನ್ನು ತಿಳಿಯಬೇಕು. /ಪ್ರಾಕ್/ಸಿಸ್/ಡೆವ್/ಸಿಡಿರಾಮ್/ಇನ್ಫೊ ಎಂಬ ಕಡತವನ್ನು ತೆರೆದು ನೋಡಿದರೆ 'ಕ್ಯಾನ್ ರೈಟ್ ಸಿಡಿ-ಆರ್' ಎಂಬ ಸಾಲು ಕಾಣುತ್ತದೆ. ಅದರ ಮುಂದೆ 1 ಇದ್ದರೆ ಬರೆಯಬಲ್ಲದು. 0 ಇದ್ದರೆ ಎಷ್ಟು ಹೆಣಗಿದರೂ ಬರೆಯದು. ಡ್ರೈವಿನ ಹೆಸರೇ ಅಲ್ಲಿಲ್ಲದಿದ್ದರೆ ಮಾತ್ರ ವಿದ್ಯುತ್ತನ್ನು ನಿಲ್ಲಿಸಿ, ಪೆಟ್ಟಿಗೆಯನ್ನು ಬಿಚ್ಚಿ, ಕೇಬಲ್ಲುಗಳನ್ನು ತೆಗೆದು ಮತ್ತೆ ಸಿಕ್ಕಿಸಿ ನೋಡಬೇಕು.

1 ಇದ್ದೂ ಬರೆಯದಿದ್ದರೆ ತೊಡಕು ಬಹುಮಟ್ಟಿಗೆ ಅನುಮತಿಯದು. ಲಿನಕ್ಸಿನಲ್ಲಿ ಡ್ರೈವು ಸಹ ಒಂದು ಕಡತದಂತೆ ಕಾಣಿಸಿಕೊಳ್ಳುತ್ತದೆ. ಅದರ ಹೆಸರು ಸಾಮಾನ್ಯವಾಗಿ /ಡೆವ್/ಎಸ್ಆರ್0. ಕಡತವೆಂದ ಮೇಲೆ ಅದಕ್ಕೊಬ್ಬ ಒಡೆಯ, ಒಂದು ಗುಂಪು, ಇಂಥವರೇ ಮುಟ್ಟಬಹುದೆಂಬ ಕಟ್ಟಳೆ. ಡೆಬಿಯನ್, ಉಬುಂಟುಗಳಲ್ಲಿ ಆ ಗುಂಪಿನ ಹೆಸರು 'ಸಿಡಿರಾಮ್'. ಅದರಲ್ಲಿ ತಮ್ಮ ಹೆಸರನ್ನು ಸೇರಿಸಿ, ಒಮ್ಮೆ ಲಾಗ್ ಔಟ್ ಆಗಿ ಮತ್ತೆ ಒಳಗೆ ಬರಬೇಕು. ಈ ಕಡೆಯ ಮಾತನ್ನು ಮರೆತು ಡ್ರೈವನ್ನು ಶಪಿಸುವವರೇ ಹೆಚ್ಚು! ಖಾಲಿ ಸಿಡಿಯನ್ನು ಹಾಕಿ 'ಮೌಂಟ್ ಆಗಲಿಲ್ಲ' ಎಂದು ಕಂಗೆಡುವವರೂ ಉಂಟು. ಏನೂ ಬರೆಯದ ತಟ್ಟೆಯಲ್ಲಿ ಮೌಂಟ್ ಮಾಡುವುದಕ್ಕಾದರೂ ಏನಿದೆ?

ಹಳೆಯ ಪುಸ್ತಕಗಳು ಡ್ರೈವಿಗೆ 'ಸ್ಕಸಿ' ವೇಷ ಹಾಕಿಸಬೇಕೆಂದು ಹೇಳುತ್ತವೆ. 2003ರ ಡಿಸೆಂಬರಿನಲ್ಲಿ ಬಂದ 2.6ನೆಯ ಕರ್ನೆಲ್ಲಿನಿಂದೀಚೆಗೆ ಅದರ ಅಗತ್ಯವಿಲ್ಲ. ಯೋರ್ಗ್ ಶಿಲ್ಲಿಂಗ್ ಎಂಬವರ 'ಸಿಡಿರೆಕಾರ್ಡ್' ತಂತ್ರಾಂಶದ ಪರವಾನಗಿಯ ಬಗ್ಗೆ ಜಗಳವೆದ್ದು, 2006ರಲ್ಲಿ ಡೆಬಿಯನ್ನಿನವರು ಅದರಿಂದಲೇ 'ವೋಡಿಮ್' ಎಂಬುದನ್ನು ಕವಲೊಡೆಸಿದರು. ಎರಡು ಹೆಸರುಗಳನ್ನು ಕಂಡು ಗಾಬರಿಪಡಬೇಕಾಗಿಲ್ಲ. ಮನೆಬಳಕೆಗೆ 'ಕೆ3ಬಿ' ಎಂಬ ಚಿತ್ರಮಯ ತಂತ್ರಾಂಶ ಸಾಕು.

ಆದರೆ ಇದೆಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ ಬೇರೊಂದಿದೆ. ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಯಿತೇ ಎಂಬುದನ್ನು ನಮ್ಮ ಸೀಮೆಯವರು ಅಲುಗಿಸಿ, ಒಳಗಿನ ಸದ್ದಿನಿಂದಲೇ ಹೇಳಬಲ್ಲರು. ಸಿಡಿಗೆ ಅಂಥ ಸದ್ದಿಲ್ಲ. ಮನೆಯಲ್ಲಿ ಬರೆದ ಸಿಡಿಯೊಳಗಿನ ಬಣ್ಣದ ಪದರು ಬಿಸಿಲು, ಸೆಕೆಗಳಿಂದ ವರ್ಷವರ್ಷಕ್ಕೂ ಸೊರಗುತ್ತದೆ. ಒಂದು ದಿನ ಓದುವುದೇ ನಿಂತುಹೋಗುತ್ತದೆ. ಆದ್ದರಿಂದ ಬರ್ನರಿನ ರಗಳೆ ಹಾಗಿರಲಿ, ಆ ಸಿಡಿಯ ಹಾಡುಗಳನ್ನು ಇಂದೇ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಬೇಕು. ಓದುವುದಕ್ಕೆ ಬರ್ನರೇ ಬೇಕಿಲ್ಲ. ನೆಂಟರ ಮನೆಯ ಯಾವ ಸಿಡಿ ಡ್ರೈವಾದರೂ ನಡೆದೀತು. 'ಸಿಡಿಪ್ಯಾರನೋಯಾ' ಎಂಬ ತಂತ್ರಾಂಶ ಗೀಚುಬಿದ್ದ ಕಡೆಗಳನ್ನು ಮತ್ತೆ ಮತ್ತೆ ಓದಿ, ಆದಷ್ಟನ್ನು ಹೆಕ್ಕಿಕೊಡುತ್ತದೆ. ಅದಕ್ಕೆ ಗಂಟೆಗಳೇ ಹಿಡಿದರೂ ತಡೆಯಬಾರದು.

ಆಮೇಲೆ ಕೆ3ಬಿಯಲ್ಲಿ 'ಆಡಿಯೊ ಸಿಡಿ' ಎಂಬುದನ್ನೇ ಆರಿಸಬೇಕು. 'ಡೇಟಾ ಸಿಡಿ' ಎಂದು ಬರೆದರೆ ಮಗಳ ಮನೆಯ ಹಳೆಯ ಪ್ಲೇಯರು ಬಾಯಿ ಬಿಡದೆ ಹೋದೀತು. ಒಂದು ತಟ್ಟೆಗೆ ಹಿಡಿಸುವುದು 80 ನಿಮಿಷದ ಹಾಡು. ಪ್ರತಿಯೊಂದನ್ನೂ ಕೊನೆಯ ಪದದವರೆಗೆ ಕೇಳಿ ನೋಡಿಯೇ ಮಕ್ಕಳಿಗೆ ಕೊಡಲಿ. ಹಾರ್ಡ್ ಡಿಸ್ಕಿನಲ್ಲಿರುವುದನ್ನು ಒಂದು ಪೆನ್ ಡ್ರೈವಿಗೂ ಹಾಕಿಡಲಿ.