ನೆರೆ ಇಳಿದ ಊರಿಗೆ ನೆರವಿಗೆ ಹೊರಟಿದ್ದೀರಾ? ಫಾರ್ವರ್ಡ್ ಒತ್ತುವ ಮುನ್ನ ಇದನ್ನು ಓದಿ

ಎಲ್ಲೋ ಗುಡ್ಡ ಕುಸಿದ, ಊರು ಮುಳುಗಿದ ಸುದ್ದಿ ಬಂದ ಒಂದೆರಡು ಗಂಟೆಯಲ್ಲೇ ನಮ್ಮ ನಿಮ್ಮ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಮೆಸೇಜುಗಳ ಮಳೆ ಶುರುವಾಗುತ್ತದೆ. ಬಟ್ಟೆ ಬೇಕು, ಬ್ರೆಡ್ ಬೇಕು, ಸ್ವಯಂಸೇವಕರು ತಕ್ಷಣ ಹೊರಡಿ, ಎಲ್ಲ ಗ್ರೂಪ್‌ಗಳಿಗೂ ಕಳಿಸಿ. ಕಳಿಸುವವರ ಮನಸ್ಸು ಒಳ್ಳೆಯದೇ. ಆದರೆ ಇಂಥ ಮೆಸೇಜುಗಳಲ್ಲಿ ಕೆಲವು ಹಳೆಯವು, ಕೆಲವು ಸುಳ್ಳು, ಇನ್ನು ಕೆಲವು ನಿಜವಾಗಿದ್ದರೂ ತಲುಪುವ ಹೊತ್ತಿಗೆ ಅವಧಿ ಮುಗಿದವು. ಇವುಗಳಿಂದ ಸಂತ್ರಸ್ತರಿಗೆ ಏನಾಗುತ್ತದೆ, ಸಹಾಯಕ್ಕೆಂದು ಹೋದವರಿಗೆ ಏನಾಗುತ್ತದೆ ಎಂಬುದನ್ನು ಕೆಲವು ನಿಜ ಘಟನೆಗಳ ಮೂಲಕ ನೋಡೋಣ.

ಮೊದಲ ದಿನ ಜೀವ ಉಳಿಸುವವರು ಯಾರು?

ಹೆಲಿಕಾಪ್ಟರ್, ಸೇನೆ, ಎನ್‌ಡಿಆರ್‌ಎಫ್ ಎಂದು ನಾವು ಅಂದುಕೊಳ್ಳುತ್ತೇವೆ. ಅವರು ಬರುತ್ತಾರೆ, ಆದರೆ ಬರಲು ಸಮಯ ಬೇಕು. ಅಷ್ಟರೊಳಗೆ ಹೆಚ್ಚಿನ ಜನರನ್ನು ಎಳೆದು ತರುವವರು ಅಕ್ಕಪಕ್ಕದ ಮನೆಯವರು. 2018ರ ಆಗಸ್ಟ್‌ನಲ್ಲಿ ಕೇರಳ ಮುಳುಗಿದಾಗ ಕರಾವಳಿಯ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೆ ಹೇರಿಕೊಂಡು ಒಳನಾಡಿನ ಊರುಗಳಿಗೆ ಹೋದರು. ಯಾವ ತರಬೇತಿ ಶಿಬಿರದಲ್ಲೂ ಕಲಿಯದ ವಿದ್ಯೆ ಅವರಲ್ಲಿತ್ತು: ಸೆಳೆತದ ನೀರಿನಲ್ಲಿ ದೋಣಿ ನಡೆಸುವುದು. ಸಾವಿರಾರು ಜನ ಬದುಕಿದರು.

ಇಲ್ಲಿ ಗಮನಿಸಬೇಕಾದದ್ದು ಮೀನುಗಾರರು ಹೋದರು ಎಂಬುದನ್ನಲ್ಲ, ಅವರ ಬಳಿ ಏನಿತ್ತು ಎಂಬುದನ್ನು. ದೋಣಿಯೂ ಇತ್ತು, ದೋಣಿ ನಡೆಸುವ ಕೈಯೂ ಇತ್ತು. ಬರಿಗೈಯಲ್ಲಿ, ಈಜು ಬಾರದೆ, ಕಾರು ತೆಗೆದುಕೊಂಡು ಹೊರಡುವವರ ಕಥೆ ಬೇರೆ.

2024ರ ಜುಲೈ 30ರ ಮುಂಜಾನೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲದ ಮೇಲೆ ಗುಡ್ಡ ಇಳಿದು 250ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ನಮ್ಮ ಚಾಮರಾಜನಗರ, ಮಂಡ್ಯ ಕಡೆಯಿಂದ ಅಲ್ಲಿಗೆ ಹೋಗಿ ನೆಲೆಸಿದ್ದವರೂ ಇದ್ದರು. ಹೊಳೆಯ ಸೇತುವೆ ಕೊಚ್ಚಿಹೋಗಿತ್ತು. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೈನಿಕರು ಸುಮಾರು 190 ಅಡಿ ಉದ್ದದ ಬೈಲಿ ಸೇತುವೆಯನ್ನು ಆಗಸ್ಟ್ 1ಕ್ಕೆ ಕಟ್ಟಿ ಮುಗಿಸಿದ ಮೇಲೆಯೇ ಜೆಸಿಬಿ, ಆಂಬುಲೆನ್ಸ್ ಆಚೆ ದಡಕ್ಕೆ ಹೋಗಲು ಸಾಧ್ಯವಾಯಿತು. ಆ ದಿನಗಳಲ್ಲೇ ಕೇರಳ ಪೊಲೀಸರು ಇನ್ನೊಂದು ಮನವಿ ಮಾಡಬೇಕಾಯಿತು: ದಯವಿಟ್ಟು ನೋಡಲೆಂದು ಬರಬೇಡಿ. ಕಿರಿದಾದ ಘಟ್ಟದ ರಸ್ತೆಯಲ್ಲಿ ಒಂದು ಕಾರು ಹೆಚ್ಚಾಗಿ ನಿಂತರೂ ಹಿಂದೆ ಬರುವ ಆಂಬುಲೆನ್ಸ್ ನಿಲ್ಲುತ್ತದೆ. ಹೊರಡುವ ಮುನ್ನ ಸಂಬಂಧಪಟ್ಟ ಜಿಲ್ಲೆಯ ಕಂಟ್ರೋಲ್ ರೂಮ್ 1077ಕ್ಕೆ ಕರೆ ಮಾಡಿ, ನಿಮ್ಮಂಥವರು ಬೇಕೇ ಎಂದು ಕೇಳಿ. ಬೇಡ ಎಂದರೆ ಹೋಗದಿರುವುದೂ ಸಹಾಯವೇ.

ಹಳೆ ಬಟ್ಟೆಯ ಗುಡ್ಡ

2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಗೆ ದೇಶದ ಮೂಲೆಮೂಲೆಯಿಂದ ಬಟ್ಟೆ ಬಂತು. ಹರಿದವು, ಕಲೆಯಾದವು, ಆ ಸೆಕೆಯ ಊರಿನಲ್ಲಿ ಯಾರೂ ತೊಡದ ಸ್ವೆಟರ್‌ಗಳು. ಮೀನುಗಾರ ಕುಟುಂಬಗಳು ಅವನ್ನು ಮುಟ್ಟಲಿಲ್ಲ. ಮನೆ ಕಳೆದುಕೊಂಡವರಿಗೆ ಮಾನವೂ ಇರುತ್ತದೆ ಎಂಬುದನ್ನು ಕಳಿಸಿದವರು ಮರೆತಿದ್ದರು. ಬಟ್ಟೆ ರಸ್ತೆ ಬದಿಯಲ್ಲಿ ರಾಶಿ ಬಿತ್ತು, ಕೊಳೆಯಿತು. ಗೂಂಜ್ ಎಂಬ ಸಂಸ್ಥೆ ಆ ರಾಶಿಯನ್ನು ಆರಿಸಿ, ವಿಂಗಡಿಸಿ ಬೇರೆ ಬಳಕೆಗೆ ತರುವ ಕೆಲಸವನ್ನೇ ಕೈಗೆತ್ತಿಕೊಳ್ಳಬೇಕಾಯಿತು.

ವಿಪತ್ತು ನಿರ್ವಹಣೆಯ ಕ್ಷೇತ್ರದಲ್ಲಿ ಇದನ್ನು ಎರಡನೇ ವಿಪತ್ತು ಎಂದೇ ಕರೆಯುತ್ತಾರೆ. ಲೆಕ್ಕ ಸರಳ. ಬೇಡದ ಒಂದು ಲಾರಿ ಸಾಮಾನು ಬಂದರೆ ಅದನ್ನು ಇಳಿಸಲು ಹತ್ತು ಜನ ಬೇಕು, ಇಡಲು ಮಳೆ ಸೋರದ ಜಾಗ ಬೇಕು, ವಿಂಗಡಿಸಲು ಎರಡು ದಿನ ಬೇಕು. ಆ ಹತ್ತು ಜನ, ಆ ಜಾಗ, ಆ ಎರಡು ದಿನ ಔಷಧಿಗೆ ಮತ್ತು ಕುಡಿಯುವ ನೀರಿಗೆ ಬೇಕಾಗಿತ್ತು. ಬೇಯಿಸಿದ ಅಡುಗೆಯದೂ ಇದೇ ಪಾಡು. ಬೆಂಗಳೂರಿನಲ್ಲಿ ಬೆಳಗ್ಗೆ ಮಾಡಿದ ಚಪಾತಿ ಘಟ್ಟ ಹತ್ತಿ, ರಸ್ತೆ ಬ್ಲಾಕ್ ದಾಟಿ ಶಿಬಿರ ತಲುಪುವಾಗ ಬೂಸ್ಟು ಹಿಡಿದಿರುತ್ತದೆ. ತಿಂದವರಿಗೆ ವಾಂತಿ ಭೇದಿ, ಶಿಬಿರದಲ್ಲಿರುವುದೇ ನಾಲ್ಕು ಶೌಚಾಲಯ.

ಹಾಗಾದರೆ ಏನು ಕೊಡಬೇಕು? ನಮ್ಮ ಅಭಿಪ್ರಾಯದಲ್ಲಿ ಮೊದಲ ವಾರ ಹಣವೇ ಮೇಲು. ಮುಖ್ಯಮಂತ್ರಿ ಪರಿಹಾರ ನಿಧಿಗೋ, ಅಲ್ಲೇ ವರ್ಷಗಳಿಂದ ಕೆಲಸ ಮಾಡುತ್ತಿರುವ, ಲೆಕ್ಕಪತ್ರ ಕೊಡುವ ಸಂಸ್ಥೆಗೋ ಕೊಡಿ. ಹಣಕ್ಕೆ ಗೋದಾಮು ಬೇಡ, ಅದು ಕೊಳೆಯುವುದಿಲ್ಲ, ಪಕ್ಕದ ತಾಲ್ಲೂಕಿನ ಅಂಗಡಿಯಲ್ಲೇ ಖರ್ಚಾಗಿ ಅಲ್ಲಿಯ ವ್ಯಾಪಾರವನ್ನೂ ಎಬ್ಬಿಸುತ್ತದೆ. ವಸ್ತುವನ್ನೇ ಕೊಡುತ್ತೇನೆ ಎನ್ನುವವರು ಶಿಬಿರದವರನ್ನು ಕೇಳಿ ಹೊಸದನ್ನೇ ಕೊಡಿ. ಸ್ಯಾನಿಟರಿ ಪ್ಯಾಡ್, ಒಳ ಉಡುಪು, ಟಾರ್ಚ್, ಬಕೆಟ್ ಇವು ಪಟ್ಟಿಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುತ್ತವೆ.

ಕೆಸರು ತೆಗೆಯಲು ಹೋದವರಿಗೆ ಬರುವ ಜ್ವರ

ಸ್ವಯಂಸೇವಕರ ನಿಜವಾದ ಕೆಲಸ ಶುರುವಾಗುವುದು ನೀರು ಇಳಿದ ಮೇಲೆ. 2018ರ ಆಗಸ್ಟ್ ಕೊನೆಯಲ್ಲಿ ಕುಟ್ಟನಾಡಿನಲ್ಲಿ ಸಾವಿರಾರು ಜನ ಸೇರಿ ಮನೆಗಳ ಕೆಸರು ತೆಗೆದರು. ಅದಾದ ಕೆಲವೇ ದಿನಗಳಲ್ಲಿ ಕೇರಳದ ಆಸ್ಪತ್ರೆಗಳಿಗೆ ಇಲಿ ಜ್ವರದ ರೋಗಿಗಳು ಬರತೊಡಗಿದರು, ಸಾವುಗಳೂ ಆದವು. ನೆರೆಯಿಂದ ಪಾರಾದವರು ಮಾತ್ರವಲ್ಲ, ಪಾರು ಮಾಡಲು ಹೋದವರೂ ಹಾಸಿಗೆ ಹಿಡಿದರು.

ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಒಂದು ಬ್ಯಾಕ್ಟೀರಿಯಾದಿಂದ ಬರುತ್ತದೆ. ಇಲಿ, ನಾಯಿ, ದನಗಳ ಮೂತ್ರದಲ್ಲಿ ಇರುವ ಈ ಬ್ಯಾಕ್ಟೀರಿಯಾ ನೆರೆ ನೀರಿನಲ್ಲಿ ಬೆರೆತು ಎಲ್ಲೆಡೆ ಹರಡುತ್ತದೆ. ಕಾಲಿನ ಚಿಕ್ಕ ಗಾಯ, ನೀರಿನಲ್ಲಿ ನೆನೆದು ಮೆತ್ತಗಾದ ಚರ್ಮ, ಕಣ್ಣು, ಬಾಯಿ ಇವು ಅದಕ್ಕೆ ಬಾಗಿಲು. ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಅಷ್ಟರಲ್ಲಿ ನೀವು ನಿಮ್ಮೂರಿಗೆ ವಾಪಸ್ ಬಂದು ಆಫೀಸಿಗೆ ಹೋಗುತ್ತಿರುತ್ತೀರಿ. ಜ್ವರ, ತಲೆನೋವು, ಮೀನಖಂಡದಲ್ಲಿ ವಿಪರೀತ ನೋವು, ಕೆಂಪಾದ ಕಣ್ಣು ಕಂಡರೆ ವೈದ್ಯರಿಗೆ ಮೊದಲು ಹೇಳಬೇಕಾದ ಮಾತು ಒಂದೇ: ನಾನು ನೆರೆ ಊರಿನಲ್ಲಿ ಕೆಸರು ತೆಗೆದಿದ್ದೆ. ಈ ಮಾತು ಹೇಳದಿದ್ದರೆ ಮಾಮೂಲಿ ವೈರಲ್ ಜ್ವರ ಎಂದು ಮಾತ್ರೆ ಕೊಟ್ಟು ಕಳಿಸುವ ಸಾಧ್ಯತೆ ಹೆಚ್ಚು. ತಡವಾದರೆ ಮೂತ್ರಪಿಂಡ, ಯಕೃತ್ತಿಗೆ ಪೆಟ್ಟು ಬೀಳುತ್ತದೆ.

ತಡೆಯಲು ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆ ಇದೆ. ಕೆಸರಿನ ಕೆಲಸ ಮಾಡುವ ದೊಡ್ಡವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂನಂತೆ ಕೇರಳದ ಆರೋಗ್ಯ ಇಲಾಖೆ ಹಂಚಿತು. ಆಗಲೇ ಸಾಮಾಜಿಕ ಜಾಲತಾಣದಲ್ಲಿ ಈ ಮಾತ್ರೆ ವಿಷ, ತಿನ್ನಬೇಡಿ ಎಂಬ ಪ್ರಚಾರವೂ ಹಬ್ಬಿತು. ಅದನ್ನು ಹಬ್ಬಿಸಿದ ಒಬ್ಬ ಪ್ರಕೃತಿ ಚಿಕಿತ್ಸಕರನ್ನು ಪೊಲೀಸರು ಬಂಧಿಸಿದರು. ಮಾತ್ರೆ ಎಲ್ಲರಿಗೂ ಸಲ್ಲುವುದಿಲ್ಲ ಎಂಬುದು ನಿಜ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಬೇರೆ ಔಷಧಿ ಬೇಕಾಗಬಹುದು. ಅದಕ್ಕೇ ಹೊರಡುವ ಮುನ್ನ ವೈದ್ಯರನ್ನು ಕೇಳಿ ಎನ್ನುವುದು. ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತು ಎಂಬುದನ್ನೂ ಆಗಲೇ ವಿಚಾರಿಸಿ. ಗಮ್‌ಬೂಟು, ದಪ್ಪ ಕೈಗವಸು ಮರೆಯಬೇಡಿ: ಕೆಸರಿನಡಿಯಲ್ಲಿ ಒಡೆದ ಗಾಜು ಇರುತ್ತದೆ, ಬೀರುವಿನ ಹಿಂದೆ ಹಾವು ಇರುತ್ತದೆ. ಮೇನ್ ಸ್ವಿಚ್ ಆಫ್ ಆಗಿದೆ ಎಂದು ಲೈನ್‌ಮನ್ ಹೇಳುವವರೆಗೆ ಒದ್ದೆ ಗೋಡೆಯನ್ನು ಮುಟ್ಟಬೇಡಿ.

ಬಾವಿ ನೀರಿನ ಬಗ್ಗೆ ಒಂದು ಮಾತು. ಪಟಿಕದ ಕಲ್ಲು ಆಡಿಸಿದರೆ ನೀರು ಶುದ್ಧ ಎಂಬ ನಂಬಿಕೆ ಬಹಳ ಕಡೆ ಇದೆ. ಪಟಿಕ ಕೆಸರನ್ನು ತಳಕ್ಕೆ ಇಳಿಸುತ್ತದೆ, ರೋಗಾಣುವನ್ನು ಕೊಲ್ಲುವುದಿಲ್ಲ. ತಿಳಿಯಾದ ನೀರಿಗೆ ಲೆಕ್ಕ ಹಾಕಿ ಬ್ಲೀಚಿಂಗ್ ಪೌಡರ್ ಹಾಕಿ ಕನಿಷ್ಠ ಒಂದು ಗಂಟೆ ಬಿಡಬೇಕು. ಎಷ್ಟು ಹಾಕಬೇಕೆಂಬುದನ್ನು ಆರೋಗ್ಯ ಸಿಬ್ಬಂದಿ ಬಾವಿಯ ಅಳತೆ ನೋಡಿ ಹೇಳುತ್ತಾರೆ.

ಶವಗಳಿಂದ ರೋಗ ಹರಡುತ್ತದೆಯೇ?

ಪ್ರತಿ ವಿಪತ್ತಿನಲ್ಲೂ ಬರುವ ಭಯ ಇದು. ವಿಶ್ವ ಆರೋಗ್ಯ ಸಂಸ್ಥೆ ವರ್ಷಗಳಿಂದ ಹೇಳುತ್ತಿರುವುದು ಬೇರೆ: ಗುಡ್ಡ ಕುಸಿದು, ನೀರಿನಲ್ಲಿ ಮುಳುಗಿ ಸತ್ತವರ ಶವಗಳಿಂದ ಸಾಂಕ್ರಾಮಿಕ ಹಬ್ಬುವುದಿಲ್ಲ. ಅವರು ಸತ್ತದ್ದು ಪೆಟ್ಟಿನಿಂದ, ರೋಗದಿಂದಲ್ಲ. ಕಾಲರಾದಂಥ ರೋಗದಿಂದ ಸತ್ತವರ ವಿಷಯ ಬೇರೆ, ಶವ ಎತ್ತುವವರು ಕೈಗವಸು ಹಾಕಲೇಬೇಕು. ಆದರೆ ಭಯಬಿದ್ದು ಗುರುತು ಹಿಡಿಯದೆ ಹೂತುಬಿಟ್ಟರೆ ಹೆಂಡತಿಗೆ ಗಂಡನ ಮರಣ ಪತ್ರ ಸಿಗುವುದು ಕಷ್ಟ, ಪರಿಹಾರ ಸಿಗುವುದು ಕಷ್ಟ, ಅಳಲು ಒಂದು ಜಾಗವೂ ಇರುವುದಿಲ್ಲ. ವಯನಾಡಿನಲ್ಲಿ ಗುರುತು ಸಿಗದ ದೇಹಗಳನ್ನು ಪುತ್ತುಮಲದಲ್ಲಿ ಹೂಳುವ ಮುನ್ನ ಡಿಎನ್‌ಎ ಮಾದರಿ ತೆಗೆದು, ಪ್ರತಿ ಗುಂಡಿಗೂ ನಂಬರ್ ಹಾಕಿದ್ದು ಇದಕ್ಕಾಗಿಯೇ.

ಫಾರ್ವರ್ಡ್ ಮಾಡುವ ಬೆರಳಿಗೆ

2018ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಒಡೆಯುತ್ತಿದೆ ಎಂಬ ಸುಳ್ಳು ಸುದ್ದಿ ಕೇರಳದಲ್ಲಿ ಹಬ್ಬಿತು. ನಿಜವಾದ ಎಚ್ಚರಿಕೆ ಯಾವುದು, ಸುಳ್ಳು ಯಾವುದು ಎಂದು ತಿಳಿಯದೆ ಜನ ಕಂಗೆಟ್ಟರು. ವಿಪತ್ತು ನಿರ್ವಹಣಾ ಕಾಯ್ದೆ 2005ರ 54ನೇ ಸೆಕ್ಷನ್ ಪ್ರಕಾರ ಜನರಲ್ಲಿ ಭೀತಿ ಹುಟ್ಟಿಸುವ ಸುಳ್ಳು ಎಚ್ಚರಿಕೆ ಹಬ್ಬಿಸಿದವರಿಗೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ.

ಇನ್ನೊಂದು ಮೆಸೇಜು ಇದಕ್ಕಿಂತ ಅಪಾಯಕಾರಿ ಎಂಬುದು ನಮ್ಮ ಎಣಿಕೆ. ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳಿದ್ದಾರೆ, ದತ್ತು ಬೇಕಾದವರು ಈ ನಂಬರಿಗೆ ಕರೆ ಮಾಡಿ ಎಂಬ ಧಾಟಿಯದು. 2021ರ ಕೋವಿಡ್ ಎರಡನೇ ಅಲೆಯಲ್ಲಿ ದೇಶವಿಡೀ ಓಡಾಡಿತು, ವಯನಾಡಿನ ನಂತರವೂ ಬಂತು. ಕಾನೂನಿನಂತೆ ದತ್ತು ನಡೆಯುವುದು ಕೇಂದ್ರ ಸರ್ಕಾರದ ಕಾರಾ ಸಂಸ್ಥೆಯ ವ್ಯವಸ್ಥೆಯ ಮೂಲಕ. ಫೋನ್ ನಂಬರಿಗೆ ಕರೆ ಮಾಡಿ ಮಗು ಪಡೆಯುವುದು ಅಪರಾಧ, ಅಂಥ ನಂಬರಿನ ಆಚೆ ಮಕ್ಕಳ ಸಾಗಣೆದಾರರು ಇರಬಹುದು. ಒಂಟಿಯಾದ ಮಗು ಕಂಡರೆ 1098ಕ್ಕೆ ತಿಳಿಸಿ.

ಸಹಾಯ ಬೇಕು ಎಂಬ ಮೆಸೇಜಿನಲ್ಲಿ ತಾರೀಖು, ಊರು, ಕೇಳುತ್ತಿರುವವರ ಹೆಸರು ಇದೆಯೇ ನೋಡಿ. ಇದ್ದರೆ ಒಮ್ಮೆ ಕರೆ ಮಾಡಿ ಇನ್ನೂ ಬೇಕಾಗಿದೆಯೇ ಕೇಳಿ. ತಾರೀಖಿಲ್ಲದ ಮನವಿಗೆ ಸಾವಿಲ್ಲ, ಅದು ಮುಂದಿನ ಮಳೆಗಾಲದಲ್ಲೂ ಬರುತ್ತದೆ.

ಕ್ಯಾಮೆರಾ ಹೋದ ಮೇಲೆ

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಮುಕ್ಕೊಡ್ಲು, ಜೋಡುಪಾಲದ ಕಡೆ ಗುಡ್ಡಗಳು ಜಾರಿದವು. ಆಗ ರಾಜ್ಯವೇ ಅತ್ತ ಓಡಿತು. ಜಂಬೂರು, ಮದೆನಾಡಿನಲ್ಲಿ ಕಟ್ಟಿದ ಹೊಸ ಮನೆಗಳು ಸಂತ್ರಸ್ತರ ಕೈ ಸೇರಿದ್ದು 2020ರ ಜೂನ್‌ನಲ್ಲಿ. ನಡುವಿನ ಆ ಎರಡು ವರ್ಷ ಬಾಡಿಗೆ ಮನೆ, ತೋಟದ ಕೂಲಿ ಇಲ್ಲದ ದಿನ, ಶಾಲೆ ಬದಲಾದ ಮಕ್ಕಳು. ಆಗ ಅಲ್ಲಿಗೆ ಯಾವ ಫಾರ್ವರ್ಡೂ ಯಾರನ್ನೂ ಕಳಿಸಲಿಲ್ಲ.

ಆ ಹೊತ್ತಿನ ಕೆಲಸಕ್ಕೆ ಈಜು ಬೇಡ, ಗಟ್ಟಿ ತೋಳೂ ಬೇಡ. 2019ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ಹಾನಿಯಾದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಪೂರ್ತಿ ಬಿದ್ದ ಎ ವರ್ಗದ ಮನೆಗೆ ಆಗ 5 ಲಕ್ಷ ರೂಪಾಯಿ ಇತ್ತು, ಕೆಳಗಿನ ವರ್ಗಕ್ಕೆ ಇಳಿದರೆ ಮೊತ್ತವೂ ಇಳಿಯುತ್ತಿತ್ತು. ಸಮೀಕ್ಷೆಗೆ ಬಂದ ದಿನ ಮನೆಯವರು ಶಿಬಿರದಲ್ಲಿದ್ದರೆ, ಆಧಾರ್ ನೀರುಪಾಲಾಗಿದ್ದರೆ, ಬ್ಯಾಂಕ್ ಖಾತೆಯ ಹೆಸರು ಹೊಂದಿಕೆಯಾಗದಿದ್ದರೆ ಅರ್ಜಿ ಮೂಲೆ ಸೇರುತ್ತದೆ. ಸ್ಮಾರ್ಟ್‌ಫೋನ್ ಇರುವ, ಕನ್ನಡದಲ್ಲಿ ಅರ್ಜಿ ಬರೆಯಬಲ್ಲ ಒಬ್ಬರು ಬಿದ್ದ ಗೋಡೆಯ ಫೋಟೋ ತೆಗೆದು, ಕಳೆದ ದಾಖಲೆಗಳ ಪಟ್ಟಿ ಮಾಡಿ, ಆನ್‌ಲೈನ್‌ನಲ್ಲಿ ಪಹಣಿ ತೆಗೆದುಕೊಟ್ಟು, ಆ ಮನೆಯ ಅಜ್ಜಿಯ ಜೊತೆ ತಾಲ್ಲೂಕು ಕಚೇರಿಗೆ ನಾಲ್ಕು ಸಲ ಹೋಗಿ ಬಂದರೆ ಒಂದು ಮನೆ ಏಳುತ್ತದೆ. ಮುಂಚಿತವಾಗಿಯೇ ತರಬೇತಿ ಬೇಕೆನ್ನುವವರಿಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಆಪದ ಮಿತ್ರ ಯೋಜನೆ ಇದೆ. ನಿಮ್ಮ ಜಿಲ್ಲೆಯಲ್ಲಿ ಮುಂದಿನ ತಂಡ ಯಾವಾಗ ಎಂಬುದನ್ನು ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ನಿರ್ವಹಣಾ ವಿಭಾಗದಲ್ಲಿ ಕೇಳಬಹುದು, ಅದಕ್ಕೆ ಮಳೆಗಾಲ ಬರುವವರೆಗೆ ಕಾಯಬೇಕಾಗಿಲ್ಲ.