ಪುಡಿಕೆಯ ಮೇಲೆ ಹೆಸರಿರಲಿ

ಹಣಕೋಣದಲ್ಲಿ ಬಸ್ಸು ಹತ್ತಿ ಕಾರವಾರದಲ್ಲಿ ಇಳಿಯುವಷ್ಟರಲ್ಲಿ ಗಂಟುನೋವಿಗೆ ಮದ್ದು ಹೇಳುವವರು ಹತ್ತು ಮಂದಿ ಸಿಗುತ್ತಾರೆ. ‘ಅಲ್ಲಿ ಪುಡಿ ಕೊಡ್ತಾರೆ ಮಾರಾಯ್ರೆ, ಮೂರೇ ದಿನಕ್ಕೆ ಎದ್ದು ಓಡಾಡ್ತೀರಿ’ ಎನ್ನುತ್ತಾರೆ. ಓಡಾಡುವುದೂ ಸುಳ್ಳಲ್ಲ. ಆದರೆ ಆ ಪುಡಿಯಲ್ಲಿ ಇರುವುದೇನು? ಕೊಟ್ಟವರು ಹೇಳುವುದಿಲ್ಲ, ತಿಂದವರು ಕೇಳುವುದಿಲ್ಲ.

ಗಂಟುನೋವೆಲ್ಲ ಮುಪ್ಪಿನದಲ್ಲ. ಮೈ ಕಾಯಬೇಕಾದ ರಕ್ಷಣಾ ಶಕ್ತಿಯೇ ತಿರುಗಿಬಿದ್ದು ಕೀಲುಗಳನ್ನು ಕೆಡಿಸುವ ಸಂಧಿವಾತವೂ ಇದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. 1948ರಲ್ಲಿ ಅಮೆರಿಕದ ಮೇಯೋ ಆಸ್ಪತ್ರೆಯಲ್ಲಿ ಇಂಥ ರೋಗಿಗೆ ಮೊದಲ ಬಾರಿ ಕಾರ್ಟಿಸೋನ್ ಕೊಟ್ಟಾಗ ಕೆಲವೇ ದಿನಗಳಲ್ಲಿ ಎದ್ದು ನಡೆದಾಡಿದ್ದು ಜಗತ್ತಿಗೇ ಸೋಜಿಗವಾಯಿತು. 1950ರಲ್ಲಿ ಅದಕ್ಕೆ ನೊಬೆಲ್ ಬಂತು. ಇಂಥ ಔಷಧಗಳಿಗೇ ಸ್ಟಿರಾಯ್ಡ್ ಎನ್ನುವುದು. ಗುರುತಿಲ್ಲದ ಪುಡಿಗಳಲ್ಲಿ ಇದನ್ನು ಬೆರೆಸಿದ್ದು ದೇಶದ ಹಲವೆಡೆ ತಪಾಸಣೆಯಲ್ಲಿ ಸಿಕ್ಕಿಬಿದ್ದಿದೆ. ಬಹುಕಾಲ ತಿಂದರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಎಲುಬು ಪೊಳ್ಳಾಗುತ್ತದೆ. ತಿಂಗಳುಗಟ್ಟಲೆ ತಿಂದು ಒಮ್ಮೆಲೇ ಬಿಟ್ಟರೂ ಜೀವಕ್ಕೆ ಅಪಾಯ. ಇದೇ ರೋಗಕ್ಕೆ ವೈದ್ಯರು ಬರೆಯುವ ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆಯ ಮಾತ್ರೆ; ಅದನ್ನು ದಿನವೂ ನುಂಗಿದರೆ ವಿಷ. ಹೆಸರಿಲ್ಲದ ಪೊಟ್ಟಣದಲ್ಲಿ ಇದೆಲ್ಲ ಗೊತ್ತಾಗುವುದು ಹೇಗೆ?

ಔಷಧ ಬೆರೆಸುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಮಾತ್ರೆ ನುಂಗಲಾರದ ಮಗುವಿಗೆ ಕುಡಿಯುವ ಔಷಧ, ಚರ್ಮರೋಗಿಗೆ ಬೇಕಾದ ಹದದ ಮುಲಾಮು ಮಾಡಿಕೊಡುವುದು ಹಳೆಯ ವಿದ್ಯೆ. ಹಿಂದಿನ ಕಂಪೌಂಡರು ಮಿಕ್ಶ್ಚರ್ ಬಾಟಲಿಗೆ ಕಾಗದ ಕತ್ತರಿಸಿ ಅಂಟಿಸಿ ಡೋಸಿನ ಗುರುತು ಮಾಡುತ್ತಿದ್ದರು. ಅಷ್ಟು ಲೆಕ್ಕವಾದರೂ ಇತ್ತು. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮಿನಂತೆ ವೈದ್ಯರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟರೇ ಬೆರೆಸಿ ಕೊಡಬೇಕು. ವೈದ್ಯರು ತಮ್ಮ ರೋಗಿಗೆ ತಾವೇ ಕೊಡಬಹುದು. ಮೂರನೆಯವರಿಗೆ ಆ ಹಕ್ಕಿಲ್ಲ.

ಹತ್ತು ರೂಪಾಯಿಯ ಬಿಸ್ಕತ್ತಿನ ಮೇಲೂ ಒಳಗೇನಿದೆ ಎಂದು ಬರೆದಿರುತ್ತದೆ; ಬರೆಯದಿದ್ದರೆ ಅಂಗಡಿಕಾರರನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ಮೈಗೆ ಹೋಗುವ ಮದ್ದಿಗೆ ಆ ಲೆಕ್ಕವೂ ಬೇಡವೇ?

ಪುಡಿ ಕೊಟ್ಟರೆ ಹೆಸರು, ಪ್ರಮಾಣ, ತಾರೀಖು ಬರೆದು ಕೊಡಿ ಎಂದು ಕೇಳಿರಿ. ಬರೆಯಲು ಹಿಂಜರಿದರೆ ಅಲ್ಲಿಗೇ ತಿಳಿಯಿತಲ್ಲ! ಈಗಾಗಲೇ ತಿನ್ನುತ್ತಿರುವವರು ಹೆದರಿ ಬಿಟ್ಟುಬಿಡಬಾರದು. ಪುಡಿಕೆ ಸಮೇತ ಕಾರವಾರದ ಸರಕಾರಿ ಆಸ್ಪತ್ರೆಗೆ ಹೋಗಿ ತೋರಿಸಲಿ. ಕೊಂಡ ಔಷಧವನ್ನು ಶುಲ್ಕ ಕಟ್ಟಿ ಸರಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು 1940ರ ಔಷಧ ಕಾಯ್ದೆಯ 26ನೇ ಕಲಮಿನಲ್ಲಿ ಜನಸಾಮಾನ್ಯರಿಗೂ ಇದೆ. ಆದರೆ ಕೂಲಿ ಬಿಟ್ಟು ಅಲೆಯಲು ಬಡವರಿಂದ ಆದೀತೇ? ಔಷಧ ನಿಯಂತ್ರಣದ ಅಧಿಕಾರಿಗಳೇ ಹಳ್ಳಿಗೆ ಬಂದು ಮಾದರಿ ಎತ್ತಲಿ, ಫಲಿತಾಂಶವನ್ನು ಊರಿಗೆ ತಿಳಿಸಲಿ.