ಶೆಡ್ಡಿನಲ್ಲಿ ನಾಲ್ಕು ವರ್ಷ, ಕಾಗದದಲ್ಲಿ ಫ್ರೆಶರ್

ಹುಮನಾಬಾದಿನ ಬಸ್ ನಿಲ್ದಾಣದ ಹತ್ತಿರ ನಾನು ಯಾವಾಗಲೂ ಹೋಗುವ ಝೆರಾಕ್ಸ್ ಅಂಗಡಿಯೊಂದಿದೆ. ಅಲ್ಲಿನ ಕಂಪ್ಯೂಟರಿನಲ್ಲಿ ಬಯೋಡಾಟಾ ಎಂಬ ಹೆಸರಿನ ಎರಡು ಫೈಲುಗಳಿವೆ, ಒಂದು ಮದುವೆಗೆ, ಇನ್ನೊಂದು ನೌಕರಿಗೆ. ಮದುವೆಯದರಲ್ಲಿ ರಾಶಿ, ನಕ್ಷತ್ರ, ಎತ್ತರ ಹೆಚ್ಚಿಗೆ ಇರುತ್ತವೆ. ನೌಕರಿಯದರಲ್ಲಿ ಮೇಲೊಂದು ಕರಿಯರ್ ಆಬ್ಜೆಕ್ಟಿವ್, ಕೆಳಗೊಂದು ಡಿಕ್ಲರೇಷನ್. ಉಳಿದದ್ದು ಹೆಚ್ಚುಕಡಿಮೆ ಒಂದೇ: ತಂದೆಯ ಹೆಸರು, ಹುಟ್ಟಿದ ದಿನ, ಧರ್ಮ, ಮದುವೆ ಆಗಿದೆಯೋ ಇಲ್ಲವೋ. ಹೆಸರು ತಿದ್ದಿ, ಅಂಕ ತಿದ್ದಿ, ಪ್ರಿಂಟ್ ತೆಗೆದು ಕೊಡುತ್ತಾರೆ. ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಕೇಳಿದ್ದನ್ನು ಕೊಡುತ್ತಾರೆ. ಸಿಟ್ಟಿರುವುದು ಅದೇ ಫೈಲನ್ನು ಪರದೆಯ ಮೇಲೆ ಹಾಕಿ ಸಾಫ್ಟ್ ಸ್ಕಿಲ್ಸ್ ಎಂದು ಪಾಠ ಮಾಡುವ ನಮ್ಮಂಥ ಓದಿದವರ ಮೇಲೆ.

ಬಸವಕಲ್ಯಾಣದಲ್ಲಿ ನಮ್ಮ ಓಣಿಯ ಹುಡುಗನೊಬ್ಬ ಡಿಪ್ಲೊಮಾ ಮುಗಿಸಿದ್ದ. ಹುಮನಾಬಾದಿನ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಸಂದರ್ಶನವಿತ್ತು, ಕಾಗದ ನೋಡಿ ಕೊಡು ಎಂದು ನನ್ನ ಹತ್ತಿರ ಬಂದ. ಅನುಭವದ ಜಾಗದಲ್ಲಿ ಒಂದೇ ಪದ: ಫ್ರೆಶರ್. ಈ ಹುಡುಗ ಆಟೋನಗರದಲ್ಲಿ ಅಪ್ಪ ದುಡಿಯುವ ಶೆಡ್ಡಿನಲ್ಲಿ ನಾಲ್ಕು ವರ್ಷ ರಜೆಗಳಲ್ಲಿ, ಸಂಜೆಗಳಲ್ಲಿ ಲಾರಿ ಬಾಡಿ ಕಟ್ಟಿದ್ದಾನೆ. ಚಾಸಿ ಅಳೆಯಬಲ್ಲ, ಆಂಗಲ್ ಕತ್ತರಿಸಬಲ್ಲ, ವೆಲ್ಡಿಂಗ್ ಮಾಡಬಲ್ಲ. ಒಂದು ಬಾಡಿಗೆ ಎಷ್ಟು ಕಬ್ಬಿಣ ಬೇಕು ಎಂದು ಲೆಕ್ಕ ಹಾಕಿ ಮಾಲು ತರಿಸಬಲ್ಲ. ಸೋಲಾಪುರದ ಲಾರಿ ಮಾಲೀಕ ಬಂದರೆ ಮರಾಠಿ, ಉಸ್ತಾದನ ಜೊತೆ ದಖ್ಖನಿ, ಜಹೀರಾಬಾದಿನವರ ಜೊತೆ ಕೆಲಸಕ್ಕೆ ಸಾಕಾಗುವಷ್ಟು ತೆಲುಗು. ಕಾಗದದಲ್ಲಿ ಬರೆದಿದ್ದ ಭಾಷೆಗಳು ಇಂಗ್ಲಿಷ್, ಹಿಂದಿ, ಕನ್ನಡ. ಹವ್ಯಾಸ: ಪುಸ್ತಕ ಓದುವುದು. ಅವನ ಕೈಯಲ್ಲಿ ನಾನು ಪುಸ್ತಕ ನೋಡಿದ್ದು ಪರೀಕ್ಷೆಯ ಹಿಂದಿನ ದಿನ ಮಾತ್ರ.

“ಶೆಡ್ಡಿಂದು ಯಾಕ ಬರದಿಲ್ಲೋ?” ಅಂದೆ.

“ಗ್ಯಾರೇಜಿನ್ಯಾಗ ಕೆಲಸ ಮಾಡೀನಿ ಅಂತ ಬರದ್ರ ನಗ್ತಾರ ಅಕ್ಕಾ.”

ಕೇಳಬಾರದ್ದನ್ನೆಲ್ಲ ಕೇಳಿ, ಕೇಳಬೇಕಾದ್ದನ್ನು ಬಿಟ್ಟುಬಿಡುವ ಕಾಗದ ಇದು. ವೆಲ್ಡರ್ ಕೆಲಸಕ್ಕೆ ಧರ್ಮ ಯಾಕೆ ಬೇಕು? ಅಪ್ಪನ ಉದ್ಯೋಗ ಯಾಕೆ ಬೇಕು? ‘ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಏಳಿಗೆಗೆ ಕಾರಣನಾಗುವುದು’ ಎಂಬ ಇಂಗ್ಲಿಷ್ ವಾಕ್ಯವನ್ನು ಬರೆದವನೂ ನಂಬಿಲ್ಲ, ಓದುವವರೂ ನಂಬುವುದಿಲ್ಲ. ಆದರೂ ಜಿಲ್ಲೆಯ ಇಷ್ಟು ಹುಡುಗರು ಒಂದೇ ಆಸೆಯನ್ನು ಒಂದೇ ಕಾಗುಣಿತ ತಪ್ಪಿನೊಂದಿಗೆ ಒಪ್ಪಿಸುತ್ತಿದ್ದಾರೆ.

ಇದು ನಡೆಯುತ್ತಿರುವುದು ಕಲ್ಯಾಣದಲ್ಲಿ ಎಂಬುದು ನನಗೆ ಇನ್ನೂ ಕಸಿವಿಸಿ. ಹನ್ನೆರಡನೆಯ ಶತಮಾನದ ಇಲ್ಲಿನ ಜನ ದುಡಿಮೆಯನ್ನು ಹೆಸರಿಗೇ ಕಟ್ಟಿಕೊಂಡಿದ್ದರು: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ. 2021ರಲ್ಲಿ ಇದೇ ಊರಿನಲ್ಲಿ ಹೊಸ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾಯಿತು. ಕಾಯಕದ ಮೇಲೆ ಭಾಷಣಕ್ಕೆ ನಮ್ಮಲ್ಲಿ ಬರವಿಲ್ಲ, ನಾನೂ ಒಂದೆರಡು ಮಾಡಿದ್ದೇನೆ. ಸಭೆ ಮುಗಿದು ಮನೆಗೆ ಬಂದ ಹುಡುಗ ತನ್ನ ಕಾಯಕವನ್ನು ಅಳಿಸಿ ಫ್ರೆಶರ್ ಎಂದು ಬರೆಯುತ್ತಾನೆ.

ಹಾಗಂತ ಅವನ ಅಂಜಿಕೆ ಸುಳ್ಳು ಎಂದು ಹೇಳಲಾರೆ. ಶರಣರ ಆ ಹೆಸರುಗಳು ಕಸುಬಿನ ಹೆಸರುಗಳೂ ಹೌದು, ಜಾತಿಯ ಹೆಸರುಗಳೂ ಹೌದು. ಅಪ್ಪನ ಕೆಲಸ ಕೇಳಿದವರು ನಮ್ಮ ಕಡೆ ಎಷ್ಟೋ ಸಲ ಕೇಳುತ್ತಿರುವುದು ಜಾತಿಯನ್ನೇ. ಅದಕ್ಕೇ ಅಪ್ಪನದು ಬೇಡ, ನಿನ್ನದು ಬರೆ ಎನ್ನುತ್ತೇನೆ. ಅಪ್ಪ ಯಾರು ಎಂಬುದು ಫ್ಯಾಕ್ಟರಿಗೆ ಸಂಬಂಧವಿಲ್ಲದ ಮಾತು. ನಿನಗೆ ಏನು ಬರುತ್ತದೆ ಎಂಬುದೇ ಅವರಿಗೆ ಬೇಕಾದದ್ದು.

ಒಳಗಿನ ಕೋಣೆಯ ಕಥೆ ಬೇರೆ. ಅಲ್ಲಿ ನನ್ನದೇ ಒಂದು ಲೆಕ್ಕ ಬಾಕಿಯಿದೆ. ಯುಜಿಸಿಯ 2018ರ ನಿಯಮಾವಳಿ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕರಾಗಲು ಬರುವವರಿಗೆ ಅಂಕ ಇಟ್ಟಿದೆ: ಪಿಎಚ್.ಡಿ.ಗೆ 30, ಪ್ರಕಟವಾದ ಒಂದೊಂದು ಲೇಖನಕ್ಕೆ 2, ಪಾಠ ಮಾಡಿದ ಒಂದೊಂದು ವರ್ಷಕ್ಕೆ 2. ಆದರೆ ಈ ಅಂಕಗಳೆಲ್ಲ ಸಂದರ್ಶನಕ್ಕೆ ಯಾರನ್ನು ಕರೆಯಬೇಕು ಎನ್ನುವುದಕ್ಕಷ್ಟೇ. ಆಯ್ಕೆ ಸಂದರ್ಶನದ ಮೇಲೆ ಮಾತ್ರ. ವರ್ಷಗಟ್ಟಲೆ ಓದಿದ್ದು ಬಾಗಿಲವರೆಗೆ ತಂದು ಬಿಡುತ್ತದೆ, ಆಮೇಲಿನದು ಕೆಲವೇ ನಿಮಿಷಗಳ ಮಾತು. ಕೇಂದ್ರ ಸರ್ಕಾರ ಗುಮಾಸ್ತರಂಥ ಕೆಳಹಂತದ ಹುದ್ದೆಗಳಿಗೆ 2016ರ ಜನವರಿಯಿಂದ ಸಂದರ್ಶನವನ್ನೇ ತೆಗೆದುಹಾಕಿತು. ಶಿಫಾರಸಿನ ಕಾಟ ತಪ್ಪಲಿ ಎಂದು. ಅಲ್ಲಿ ಇದ್ದ ಕಾಟ ಮೇಷ್ಟ್ರನ್ನು ಆರಿಸುವ ಕೋಣೆಯಲ್ಲಿ ಇಲ್ಲವೇನು?

ಹೋದ ವರ್ಷ ಒಂದು ಕಾಲೇಜಿನ ಕನ್ನಡ ವಿಭಾಗಕ್ಕೆ ಸಂದರ್ಶನಕ್ಕೆ ಹೋಗಿದ್ದೆ. ಮೊದಲ ಪ್ರಶ್ನೆ, “ಬಸವಕಲ್ಯಾಣನಾ? ಅಲ್ಲಿ ಕನ್ನಡ ಮಾತಾಡ್ತಾರಾ?” ಎರಡನೆಯದು, “ಮದುವೆ ಯಾವಾಗ?” ಮೂರನೆಯ ಪ್ರಶ್ನೆ ಬರುವ ಮೊದಲು ಚಹಾ ಬಂತು. ಪ್ರಬಂಧದ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಇಂಥ ಪ್ರಶ್ನೆ ಕಲ್ಯಾಣಕ್ಕೆ ಹೊಸದಲ್ಲ. ಹದಿನೈದನೆಯ ಶತಮಾನದಲ್ಲಿ ಕೂಡಿಸಿದ ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮ ಅವಳನ್ನು ನಿಲ್ಲಿಸಿ ಗಂಡ ಯಾರು ಹೇಳು, ಇಲ್ಲದಿದ್ದರೆ ಹೋಗು ಎನ್ನುತ್ತಾನೆ. ಆ ಭಾಗ ಓದುವಾಗೆಲ್ಲ ನನಗೆ ಅಲ್ಲಮನ ಮೇಲೂ ಸ್ವಲ್ಪ ಸಿಟ್ಟು ಬರುತ್ತದೆ. ಆದರೆ ಅವನು ಉತ್ತರ ಕೇಳಿಸಿಕೊಳ್ಳುತ್ತಾನೆ. ಅವಳ ಮಾತಿನಿಂದ ಮುಂದಿನ ಪ್ರಶ್ನೆ ಹುಟ್ಟುತ್ತದೆ, ಕೊನೆಗೆ ಕೇಳಿದವನೇ ತಲೆಬಾಗುತ್ತಾನೆ. ನನ್ನ ಕೋಣೆಯಲ್ಲಿ ಉತ್ತರ ಹೇಳುವ ಹೊತ್ತಿಗೆ ಒಬ್ಬರು ಮೊಬೈಲ್ ನೋಡುತ್ತಿದ್ದರು.

ನಮ್ಮ ಕಡೆಯ ಹುಡುಗರ ಫೈಲಿನಲ್ಲಿ 371(ಜೆ) ಪ್ರಮಾಣಪತ್ರ ಇದ್ದೇ ಇರುತ್ತದೆ. ಇಲ್ಲಿನ ಸರ್ಕಾರಿ ಹುದ್ದೆಗಳಲ್ಲಿ ‘ಸಿ’ ಗುಂಪಿನ 80, ‘ಡಿ’ ಗುಂಪಿನ 85 ಪ್ರತಿಶತ ಸ್ಥಳೀಯರಿಗೆ. ಹೋರಾಡಿ ಪಡೆದದ್ದು, ದೊಡ್ಡದು. ಆದರೆ ಖಾಸಗಿ ಫ್ಯಾಕ್ಟರಿಯ ಗೇಟಿನಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ಇರುವುದು ಆ ಒಂದು ಹಾಳೆ ಮತ್ತು ಬಾಯಿ.

ಹುಡುಗನ ಹಾಳೆಯನ್ನು ಇಬ್ಬರೂ ಕೂತು ಹೊಸದಾಗಿ ಬರೆದೆವು. ಧರ್ಮ, ಅಪ್ಪ, ಆಬ್ಜೆಕ್ಟಿವ್ ಎಲ್ಲ ಹೋಯಿತು. ನಾಲ್ಕು ವರ್ಷ, ಕಟ್ಟಿದ ಬಾಡಿಗಳು, ಬರುವ ಕೆಲಸಗಳು, ಐದು ಭಾಷೆಗಳು, ಅವನದೇ ಸರಳ ಇಂಗ್ಲಿಷಿನಲ್ಲಿ. ಒಂದು ಪುಟವೂ ತುಂಬಲಿಲ್ಲ. ಓದಿಕೊಂಡು ಮುಗುಳ್ನಕ್ಕ, ಮಡಚದೆ ಫೈಲಿನಲ್ಲಿ ಇಟ್ಟುಕೊಂಡ.

ವಾರದ ಮೇಲೆ ಸಿಕ್ಕ.

“ಯಾವುದು ಕೊಟ್ಟಿ?”

“ಹಳೇದೇ ಕೊಟ್ಟೆ ಅಕ್ಕಾ. ಮುಂದ ಕೂತವರೆಲ್ಲ ಅದೇ ಹಿಡ್ಕೊಂಡಿದ್ರು.”

“ಎಕ್ಸ್‌ಪೀರಿಯನ್ಸ್ ಕೇಳಲಿಲ್ಲೇನು?”

“ಕೇಳಿದ್ರು. ಇಲ್ರಿ ಸರ್ ಅಂದೆ.”

ಟ್ರೈನಿ ಎಂದು ತೆಗೆದುಕೊಂಡಿದ್ದಾರೆ, ಟ್ರೈನಿಯ ಪಗಾರಕ್ಕೆ. ಮೊದಲ ಎರಡು ತಿಂಗಳು ವೆಲ್ಡಿಂಗ್ ಕಲಿಸುತ್ತಾರಂತೆ.